ನೆರಳು, ಬಿಂಬ ಮತ್ತು ಮಗು

‘ನೆರಳು’ ಎಂಬುದು ಕನ್ನಡದ ಬಹು ಹಳೆಯ ಮಾತು. ಹಳಗನ್ನಡದ ‘ನೆೞಲ್’ ಅದರ ಪೂರ್ವರೂಪ. ಬೇವಿನ ಮರದ ಅಡಿಯ ತಂಪೂ ನೆರಳೇ, ದೀಪದೆದುರು ಕೈಯೊಡ್ಡಿದಾಗ ಗೋಡೆಯ ಮೇಲೆ ಮೂಡುವ ಕಪ್ಪು ಆಕೃತಿಯೂ ನೆರಳೇ. ಮೊದಲನೆಯದನ್ನು ಮಗು ಅರಸಿಕೊಂಡು ಹೋಗುತ್ತದೆ. ಎರಡನೆಯದನ್ನು ಕಂಡು ಒಮ್ಮೊಮ್ಮೆ ಬೆಚ್ಚಿಬೀಳುತ್ತದೆ. ಎರಡೂ ಒಂದೇ ಎಂಬುದು ಅದಕ್ಕೆ ತಿಳಿಯುವುದು ಉಪದೇಶದಿಂದಲ್ಲ, ಆಟದಿಂದ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಬಿಸಿಲಿಗೆ ಬಡತನವಿಲ್ಲ. ಆದುದರಿಂದ ಈ ಆಟದ ಮುಖ್ಯ ಸಾಮಗ್ರಿಯನ್ನು ಯಾರೂ ಕೊಳ್ಳಬೇಕಾಗಿಲ್ಲ. ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳಿನ ತುದಿಯಲ್ಲಿ ಗಂಟೆಗೊಂದು ಹುಣಿಸೆಬೀಜ ಇಡುವಂತೆ ಮಗುವಿಗೆ ಹೇಳಬೇಕು. ಬೆಳಿಗ್ಗೆ ಪಡುವಣಕ್ಕೆ ನೀಳವಾಗಿ ಚಾಚಿದ ನೆರಳು ನಡುಹಗಲು ಕುಗ್ಗಿ, ಸಂಜೆ ಮೂಡಣಕ್ಕೆ ಬೆಳೆಯುವುದನ್ನು ಬೀಜಗಳ ಸಾಲೇ ತೋರಿಸಿಕೊಡುತ್ತದೆ.

ಈ ಊರುಗಳು ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಹೀಗಾಗಿ ವರ್ಷಕ್ಕೆ ಎರಡು ಸಲ, ಮೇ 1ರ ಮತ್ತು ಆಗಸ್ಟ್ 12ರ ಆಸುಪಾಸಿನಲ್ಲಿ, ಸೂರ್ಯನು ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಗಡಿಯಾರದಲ್ಲಿ 12 ಹೊಡೆದು ಇಪ್ಪತ್ತು ಮೂವತ್ತು ನಿಮಿಷ ಕಳೆಯುವ ಹೊತ್ತಿಗೆ ಕೋಲಿನ ನೆರಳು ಅದರ ಬುಡದಲ್ಲಿಯೇ ಅಡಗುತ್ತದೆ. ಈ ಎರಡು ದಿನಗಳ ನಡುವಣ ಕಾಲದಲ್ಲಿ ನಡುಹಗಲ ನೆರಳು ತೆಂಕಣಕ್ಕೆ ಬಿದ್ದರೆ, ವರ್ಷದ ಉಳಿದ ಕಾಲದಲ್ಲಿ ಬಡಗಣಕ್ಕೆ ಬೀಳುತ್ತದೆ. ಪಂಚಾಂಗವನ್ನು ಓದಲಾರದ ಮಗುವೂ ಇದನ್ನು ನೆಲದ ಮೇಲೆ ಓದಬಲ್ಲದು.

ರಾತ್ರಿಯ ಪಾಠ ಬೇರೆ. ಕರೆಂಟು ಹೋದಾಗ ಒಂದು ಮೇಣದಬತ್ತಿ ಸಾಕು. ಕೈಯನ್ನು ದೀಪದ ಬಳಿಗೆ ಒಯ್ದರೆ ಗೋಡೆಯ ನೆರಳು ಹಿಗ್ಗುತ್ತದೆ. ಗೋಡೆಯ ಬಳಿಗೆ ತಂದರೆ ಕುಗ್ಗಿ, ಅದರ ಅಂಚು ಹರಿತವಾಗುತ್ತದೆ. ಬೆಳಕು ನೇರವಾಗಿ ಸಾಗುತ್ತದೆ ಎಂಬ ತತ್ತ್ವಕ್ಕೆ ಇದಕ್ಕಿಂತ ಸರಳವಾದ ನಿದರ್ಶನ ಬೇಕಿಲ್ಲ. ಇದೇ ತತ್ತ್ವವನ್ನು ಕಲೆಯಾಗಿಸಿದವರು ನಮ್ಮ ತೊಗಲುಗೊಂಬೆಯವರು. ಹದಮಾಡಿದ ತೊಗಲು ತೆಳುವಾಗಿ, ಬೆಳಕನ್ನು ಹಾಯಗೊಡುವುದರಿಂದ ಪರದೆಯ ಮೇಲೆ ಬಣ್ಣದ ನೆರಳು ಮೂಡುತ್ತದೆ. ನೆರಳೆಂದರೆ ಕಪ್ಪೇ ಆಗಬೇಕಿಲ್ಲವೆಂಬುದನ್ನು ಬಳ್ಳಾರಿ ಸೀಮೆಯ ಜನಕ್ಕೆ ದಿವಂಗತ ಬೆಳಗಲ್ಲು ವೀರಣ್ಣನಂಥ ಕಲಾವಿದರು ತೋರಿಸಿಕೊಟ್ಟರು. ಮನೆಯಲ್ಲಿ ಬಣ್ಣದ ಪತಂಗದ ಕಾಗದವನ್ನು ದೀಪಕ್ಕೆ ತುಸು ದೂರದಲ್ಲಿ ಹಿಡಿದರೂ ಇದು ಕಂಡೀತು.

ಇನ್ನು ಹಂಪೆಯ ವಿಸ್ಮಯ. ವಿರೂಪಾಕ್ಷ ದೇವಾಲಯದ ಹಿಂಭಾಗದ ಕತ್ತಲ ಕೋಣೆಯೊಂದರಲ್ಲಿ, ಪೂರ್ವದ ಮಹಾಗೋಪುರ ಗೋಡೆಯ ಮೇಲೆ ತಲೆಕೆಳಗಾಗಿ ಕಾಣುತ್ತದೆ. ಜನ ಅದನ್ನು ಗೋಪುರದ ನೆರಳೆನ್ನುತ್ತಾರೆ. ವಾಸ್ತವವಾಗಿ ಅದು ನೆರಳಲ್ಲ, ಬಿಂಬ. ಬೆಳಕಿಗೆ ತಡೆಯಾದಲ್ಲಿ ನೆರಳು; ವಸ್ತುವಿನಿಂದ ಹೊರಟ ಬೆಳಕೇ ಬಂದು ಬಿದ್ದಲ್ಲಿ ಬಿಂಬ. ಗೋಪುರದ ತುದಿಯಿಂದ ಹೊರಟ ಕಿರಣ ಸಣ್ಣ ಕಿಂಡಿಯನ್ನು ಹಾಯ್ದು ಕೆಳಗೆ ಬೀಳುತ್ತದೆ, ಬುಡದಿಂದ ಹೊರಟದ್ದು ಮೇಲೆ. ಇಂಥ ಕತ್ತಲ ಕೋಣೆಯ ಬೆಳಕಿನ ನಡೆಯನ್ನು ಅರಬ್ ವಿದ್ವಾಂಸ ಇಬ್ನ್ ಅಲ್-ಹೈಥಮ್ 11ನೆಯ ಶತಮಾನದಲ್ಲಿಯೇ ಪರೀಕ್ಷಿಸಿದ್ದನು.

ಮಗುವಿಗೆ ಇದನ್ನು ಮನೆಯಲ್ಲಿಯೇ ತೋರಿಸಬಹುದು. ಕಿಟಕಿಗೆ ದಪ್ಪ ರಟ್ಟು ಮುಚ್ಚಿ, ಅದರಲ್ಲಿ ಒಂದು ಸಣ್ಣ ತೂತು ಕೊರೆದು, ಎದುರಿಗೆ ಬಿಳಿಯ ಕಾಗದ ಹಿಡಿದರೆ ಹೊರಗಿನ ಮರ ತಲೆಕೆಳಗಾಗಿ ಇಳಿದು ಬರುತ್ತದೆ. ಹಳೆಯ ಮಾಳಿಗೆ ಮನೆಗಳಲ್ಲಿ ಸಂದಿನಿಂದ ಇಳಿಯುವ ಬಿಸಿಲುಕೋಲು ನೆಲದ ಮೇಲೆ ದುಂಡಗೆ ಬೀಳುತ್ತದೆ. ಸಂದು ಸೊಟ್ಟಗಿದ್ದರೂ ಬಿದ್ದ ಬಿಸಿಲು ದುಂಡಗಿರುವುದೇಕೆ? ಅದು ಸೂರ್ಯನ ಬಿಂಬವಾದುದರಿಂದ. 1980ರ ಫೆಬ್ರವರಿ 16ರಂದು ಸೂರ್ಯಗ್ರಹಣವಾದಾಗ ಬಹಳ ಮಂದಿ ಬಾಗಿಲು ಮುಚ್ಚಿ ಒಳಗೆ ಕುಳಿತರು. ಆ ಹೊತ್ತು ಮರದಡಿಯ ಬಿಸಿಲಿನ ಚುಕ್ಕೆಗಳು ಒಂದೊಂದೂ ಕುಡುಗೋಲಿನಂತೆ ಬಾಗಿದ್ದವು. ಸೂರ್ಯನನ್ನು ಬರಿಗಣ್ಣಿನಿಂದ ನೋಡಕೂಡದೆಂದು ಮಕ್ಕಳಿಗೆ ಕಟ್ಟುನಿಟ್ಟಾಗಿ ಹೇಳಬೇಕು, ನಿಜ. ಆದರೆ ನೆಲದ ಮೇಲಿನ ಈ ಬಿಂಬಗಳನ್ನು ನೋಡಲು ಯಾವ ಅಡ್ಡಿಯೂ ಇಲ್ಲ.

ಇಷ್ಟನ್ನು ವಿಸ್ತರಿಸಿದ್ದಕ್ಕೆ ಕಾರಣವಿದೆ. ತುತ್ತು ನುಂಗಿಸಲು, ನಿದ್ದೆ ಬರಿಸಲು ‘ಅಗೋ ಗುಮ್ಮ’ ಎಂದು ಗೋಡೆಯ ನೆರಳನ್ನು ತೋರಿಸುವ ರೂಢಿ ನಮ್ಮ ಮನೆಗಳಲ್ಲಿ ಇನ್ನೂ ಅಳಿದಿಲ್ಲ. ಹಾಗೆ ತುಂಬಿದ ಭಯ ತುತ್ತಿನೊಡನೆ ಮುಗಿಯುವುದಿಲ್ಲ. ಕತ್ತಲೆಯ ಮೂಲೆಮೂಲೆಯಲ್ಲೂ ಮಗುವನ್ನು ಕಾಯುತ್ತ ನಿಲ್ಲುತ್ತದೆ. ಅದೇ ಗುಮ್ಮನನ್ನು ತನ್ನ ಐದು ಬೆರಳಿನಿಂದ ತಾನೇ ಮಾಡಿ, ತಾನೇ ಅಳಿಸಿದ ಮಗು ಅದಕ್ಕೆ ಹೆದರಲಾರದು. ಹಿರಿಯರು ಮಾಡಬೇಕಾದುದು ಅಲ್ಪ: ದೀಪ ಹಚ್ಚಿಕೊಟ್ಟು, ಪಕ್ಕದಲ್ಲಿ ಕುಳಿತು, ಉತ್ತರ ಹೇಳಲು ಆತುರಪಡದಿರುವುದು. ‘ಏಕೆ?’ ಎಂದು ಮಗು ಕೇಳಿದಾಗ ‘ಇನ್ನೊಮ್ಮೆ ಮಾಡಿ ನೋಡೋಣ ಬಾ’ ಎಂದರೆ ಸಾಕು.