ಮೊಬೈಲಿನ ಜಾಲಬೀಗ: ಕೀಲಿಕೈ ಯಾರ ಬಳಿ ಇದೆ?

ಬ್ಯಾಡಗಿಯ ಮಾರುಕಟ್ಟೆಗೆ ಮೆಣಸಿನಕಾಯಿ ತಂದ ರೈತನಿರಲಿ, ರಾಣೆಬೆನ್ನೂರಿನ ಬೀಜದ ವ್ಯಾಪಾರಿಯಿರಲಿ, ಹಾವೇರಿಯಲ್ಲಿ ಕಾಲೇಜು ಓದುವ ವಿದ್ಯಾರ್ಥಿಯಿರಲಿ, ಮೊಬೈಲಿಲ್ಲದೆ ಇಂದು ದಿನ ಸಾಗದು. ಧಾರಣೆ ಕೇಳಲು, ಹಣ ಕಳಿಸಲು, ವಿದ್ಯಾರ್ಥಿವೇತನದ ಅರ್ಜಿ ತುಂಬಲು ಅದೇ ಬೇಕು. ಅಮೆರಿಕದಲ್ಲಿರುವ ಅಣ್ಣ ಊರಿಗೆ ಬಂದಾಗ ತನ್ನ ಹಳೆಯ ಫೋನನ್ನು ತಮ್ಮನಿಗೆ ಕೊಟ್ಟು ಹೋದನೆಂದುಕೊಳ್ಳೋಣ. ತಮ್ಮ ತನ್ನ ಸಿಮ್ ಹಾಕುತ್ತಾನೆ. ‘ಈ ಸಿಮ್ ಇಲ್ಲಿ ನಡೆಯದು’ ಎಂಬರ್ಥದ ಸೂಚನೆ ಪರದೆಯ ಮೇಲೆ ಮೂಡುತ್ತದೆ. ಫೋನು ಕೆಟ್ಟಿಲ್ಲ, ಸಿಮ್ಮೂ ಸರಿಯಾಗಿದೆ. ಹಾಗಾದರೆ ತೊಡಕು ಎಲ್ಲಿದೆ?

ಅಂಗಡಿಯವರು ಇದನ್ನು ‘ನೆಟ್‌ವರ್ಕ್ ಲಾಕ್’ ಎನ್ನುತ್ತಾರೆ. ಇಲ್ಲಿ ನಾವು ‘ಜಾಲಬೀಗ’ ಎಂದು ಕರೆಯೋಣ. ಇದನ್ನು ತೆಗೆದುಕೊಡುತ್ತೇವೆಂದು ಹಣ ಕೇಳುವವರು ಬಹಳ. ಬೀಗ ಎಲ್ಲಿದೆ ಎಂಬುದು ತಿಳಿದರೆ ಅದರ ಕೀಲಿಕೈ ಯಾರ ಬಳಿ ಇದೆ ಎಂಬುದೂ ತಿಳಿಯುತ್ತದೆ. ಆಗ ಮೋಸ ಹೋಗುವ ಸಂಭವ ಕಡಿಮೆ.

ಬೀಗ ಕೆಲಸ ಮಾಡುವ ಬಗೆ

ಪ್ರತಿ ಸಿಮ್ ಕಾರ್ಡಿನಲ್ಲಿ ಐಎಂಎಸ್‌ಐ ಎಂಬ ಗುರುತಿನ ಸಂಖ್ಯೆ ಇರುತ್ತದೆ. ಸಾಮಾನ್ಯವಾಗಿ ಇದು 15 ಅಂಕಿಗಳದು. ಮೊದಲ ಮೂರು ಅಂಕಿಗಳು ದೇಶವನ್ನೂ ನಂತರದ ಎರಡು ಅಥವಾ ಮೂರು ಅಂಕಿಗಳು ಸೇವೆ ಕೊಡುವ ಕಂಪನಿಯನ್ನೂ ಸೂಚಿಸುತ್ತವೆ. ಭಾರತದ ಸಂಕೇತಗಳಲ್ಲಿ 404 ಮತ್ತು 405 ಮುಖ್ಯವಾದವು. 404-71 ಎಂದರೆ ಕರ್ನಾಟಕದ ಬಿಎಸ್‌ಎನ್‌ಎಲ್. 404-45 ಎಂದರೆ ಕರ್ನಾಟಕದ ಏರ್‌ಟೆಲ್.

ಫೋನನ್ನು ಚಾಲೂ ಮಾಡಿದೊಡನೆ ಅದು ಸಿಮ್ಮಿನ ಈ ಅಂಕಿಗಳನ್ನು ಓದುತ್ತದೆ. ಜಾಲಬೀಗವಿರುವ ಫೋನು ಅವುಗಳನ್ನು ತನ್ನಲ್ಲಿರುವ ಪಟ್ಟಿಯೊಂದಿಗೆ ಹೋಲಿಸುತ್ತದೆ. ಹೊಂದಿದರೆ ಸಂಪರ್ಕ, ಹೊಂದದಿದ್ದರೆ ತುರ್ತು ಕರೆ ಮಾತ್ರ. ಬೀಗ ಇರುವುದು ಸಿಮ್ಮಿನಲ್ಲಲ್ಲ, ಫೋನಿನ ತಂತ್ರಾಂಶದಲ್ಲಿ.

ಕೀಲಿಕೈ ಇರುವ ಜಾಗ

ಕೆಲವು ಹಳೆಯ ಫೋನುಗಳಲ್ಲಿ ಬೀಗದ ಸಂಕೇತವನ್ನು ಆ ಫೋನಿನ ಐಎಂಇಐ ಸಂಖ್ಯೆಯಿಂದ ಒಂದು ನಿಶ್ಚಿತ ಗಣಿತ ಸೂತ್ರದ ಮೂಲಕ ಪಡೆಯಲಾಗುತ್ತಿತ್ತು. ಸೂತ್ರ ಹೊರಬಿದ್ದ ಮೇಲೆ ಯಾರು ಬೇಕಾದರೂ ಲೆಕ್ಕ ಹಾಕಿ ಬೀಗ ತೆಗೆಯಬಹುದಾಯಿತು. ಆಮೇಲೆ ತಯಾರಕರು ಪ್ರತಿ ಫೋನಿಗೂ ಸೂತ್ರಕ್ಕೆ ಸಿಗದ ಯಾದೃಚ್ಛಿಕ ಸಂಕೇತ ಕೊಟ್ಟರು. ಅದು ತಯಾರಕರ ಇಲ್ಲವೇ ಸೇವಾ ಕಂಪನಿಯ ದಾಖಲೆಯಲ್ಲಷ್ಟೇ ಇರುತ್ತದೆ. ತಪ್ಪು ಸಂಕೇತವನ್ನು ಹಲವು ಬಾರಿ ಒತ್ತಿದರೆ ಫೋನು ಮುಂದೆ ಸಂಕೇತವನ್ನೇ ಸ್ವೀಕರಿಸದಿರಬಹುದು.

ಐಫೋನಿನ ವಿಧಾನ ಬೇರೆ. ಅಲ್ಲಿ ಒತ್ತುವ ಸಂಕೇತವೇ ಇಲ್ಲ. ಬೀಗದ ಸ್ಥಿತಿ ಆಪಲ್ ಕಂಪನಿಯ ಸರ್ವರಿನಲ್ಲಿ ದಾಖಲಾಗಿರುತ್ತದೆ. ಫೋನು ಮಾರಿದ ಸೇವಾ ಕಂಪನಿ ಒಪ್ಪಿದರೆ ಮಾತ್ರ ಆ ದಾಖಲೆ ಬದಲಾಗುತ್ತದೆ. ಆದ್ದರಿಂದ ‘ಐಫೋನಿನ ಕೋಡ್ ಮಾರುತ್ತೇವೆ’ ಎನ್ನುವವರ ಮಾತು ಸುಳ್ಳೆಂದು ಕೂಡಲೇ ತಿಳಿಯಬಹುದು.

ನಮ್ಮಲ್ಲಿನ ಕಥೆ

ಕಂಪನಿಗೆ ಕಟ್ಟಿಹಾಕಿದ ಫೋನು ನಮಗೆ ಹೊಸದಲ್ಲ. 2003ರ ಜುಲೈಯಲ್ಲಿ ರಿಲಯನ್ಸ್ ಇನ್ಫೋಕಾಂ 501 ರೂಪಾಯಿ ಮುಂಗಡಕ್ಕೆ ಸಿಡಿಎಂಎ ಫೋನು ಕೊಡುವ ಯೋಜನೆ ತಂದಿತು. ಆ ಫೋನುಗಳಲ್ಲಿ ಸಿಮ್ ಇರಲೇ ಇಲ್ಲ. ಚಂದಾದಾರನ ಗುರುತು ಫೋನಿನೊಳಗೇ ಬರೆದಿರುತ್ತಿತ್ತು. 2017ರಲ್ಲಿ 1,500 ರೂಪಾಯಿ ಠೇವಣಿಯ ಜಿಯೋಫೋನ್, 2023ರಲ್ಲಿ 999 ರೂಪಾಯಿಯ ಜಿಯೋಭಾರತ್ ಬಂದವು. ಇವು ಜಿಯೋ ಸಿಮ್ಮಿಗೆ ಮಾತ್ರ ಕಟ್ಟಿಹಾಕಿದವು. ಫೋನನ್ನು ಅಗ್ಗವಾಗಿ ಕೊಟ್ಟು, ತಿಂಗಳ ಶುಲ್ಕದಿಂದ ಆ ಹಣ ಹಿಂಪಡೆಯುವುದು ಇದರ ಹಿಂದಿನ ಲೆಕ್ಕಾಚಾರ.

2011ರ ಜನವರಿ 20ರಿಂದ ದೇಶದಾದ್ಯಂತ ಸಂಖ್ಯೆ ಬದಲಿಸದೆ ಕಂಪನಿ ಬದಲಿಸುವ ಅವಕಾಶವಿದೆ. ಹೊಲದಲ್ಲಿ ಸಿಗ್ನಲ್ ಸಿಗದ ರೈತ ತನ್ನ ಸಂಖ್ಯೆಯನ್ನು ಬೇರೆ ಕಂಪನಿಗೆ ಒಯ್ಯಬಹುದು. ಆದರೆ ಬೀಗ ಹಾಕಿದ ಫೋನು ಅವನೊಂದಿಗೆ ಹೋಗುವುದಿಲ್ಲ. ಕೊಳ್ಳುವ ಮೊದಲೇ ಇದನ್ನು ಕೇಳಿ ತಿಳಿಯಬೇಕು.

ಬೇರೆ ದೇಶಗಳು ಈ ಪದ್ಧತಿಗೆ ಕಡಿವಾಣ ಹಾಕಿವೆ. ಕೆನಡಾ 2017ರ ಡಿಸೆಂಬರಿನಿಂದ, ಬ್ರಿಟನ್ 2021ರ ಡಿಸೆಂಬರಿನಿಂದ ಬೀಗ ಹಾಕಿದ ಫೋನುಗಳ ಮಾರಾಟವನ್ನು ನಿಲ್ಲಿಸಿದವು. ಅಮೆರಿಕದಲ್ಲಿ ಈ ಪದ್ಧತಿ ಉಳಿದಿದೆ.

ಮೋಸದ ಮುಖಗಳು

ಮೊದಲು ಒಂದು ಎಚ್ಚರ: ಎಲ್ಲ ‘ಲಾಕ್’ ಜಾಲಬೀಗವಲ್ಲ. ಪರದೆಯ ಗುಪ್ತಸಂಖ್ಯೆ, ಹಿಂದಿನ ಮಾಲೀಕನ ಗೂಗಲ್ ಅಥವಾ ಆಪಲ್ ಖಾತೆಯ ಬೀಗ, ಕಂತು ಕಟ್ಟದಿದ್ದಾಗ ಸಾಲ ಕೊಟ್ಟವರು ಹಾಕುವ ಬೀಗ, ಕಳವಾದ ಫೋನಿಗೆ ಸರ್ಕಾರದ ವ್ಯವಸ್ಥೆಯಲ್ಲಿ ಬೀಳುವ ತಡೆ, ಇವೆಲ್ಲ ಬೇರೆ ಬೇರೆ. ‘ಎಲ್ಲವನ್ನೂ ಒಂದೇ ದರಕ್ಕೆ ತೆಗೆಯುತ್ತೇವೆ’ ಎನ್ನುವವರನ್ನು ನಂಬಬಾರದು.

ಒಂದು ಬಗೆಯ ಮೋಸದಲ್ಲಿ ಮುಂಗಡ ಹಣ ಪಡೆದವರು ಕಾಣೆಯಾಗುತ್ತಾರೆ. ಇನ್ನೊಂದರಲ್ಲಿ ಯಾವುದೋ ಆ್ಯಪ್ ಹಾಕಿಸಿ, ಫೋನಿಗೆ ಬಂದ ಓಟಿಪಿ ಕೇಳುತ್ತಾರೆ. ಬೀಗ ತೆಗೆಯಲು ಬ್ಯಾಂಕಿನ ಓಟಿಪಿ ಎಂದೂ ಬೇಕಾಗುವುದಿಲ್ಲ. ಮೂರನೆಯದು ಐಎಂಇಐ ಬದಲಿಸುವುದು. ಇದು ಅಪರಾಧ, 2023ರ ದೂರಸಂಪರ್ಕ ಕಾಯ್ದೆಯಲ್ಲಿ ಇದಕ್ಕೆ ಮೂರು ವರ್ಷದವರೆಗೆ ಸೆರೆವಾಸ ಅಥವಾ 50 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು.

‘ನಮಗೆ ಕಂಪನಿಯೊಳಗೆ ಜನರಿದ್ದಾರೆ’ ಎನ್ನುವವರೂ ಇರುತ್ತಾರೆ. ಇಂಥದ್ದು ನಿಜಕ್ಕೂ ನಡೆದದ್ದುಂಟು. ಅಮೆರಿಕದ ಎಟಿ ಆ್ಯಂಡ್ ಟಿ ಕಂಪನಿಯ ನೌಕರರಿಗೆ ಲಂಚ ಕೊಟ್ಟು, ಬಳಿಕ ಕಂಪನಿಯ ಗಣಕಗಳಿಗೆ ಕುತಂತ್ರಾಂಶ ಸೇರಿಸಿ, 2012ರಿಂದ 2017ರವರೆಗೆ ಒಂದು ತಂಡ ಸುಮಾರು 19 ಲಕ್ಷ ಫೋನುಗಳ ಬೀಗ ತೆಗೆಸಿತ್ತು. ತಂಡದ ಮುಖ್ಯಸ್ಥನಿಗೆ 2021ರಲ್ಲಿ 12 ವರ್ಷ ಸೆರೆವಾಸವಾಯಿತು.

ಸರಿಯಾದ ದಾರಿ

ಫೋನು ಮಾರಿದ ಸೇವಾ ಕಂಪನಿಯನ್ನೇ ಕೇಳಬೇಕು. ಫೋನಿನ ಬಾಕಿ ತೀರಿದ್ದು, ಅದು ಕಳವಾದದ್ದೆಂದು ದಾಖಲಾಗಿರದಿದ್ದರೆ ಅಮೆರಿಕದ ಕಂಪನಿಗಳು ಸಾಮಾನ್ಯವಾಗಿ ಬೀಗ ತೆಗೆಯುತ್ತವೆ. ನಮ್ಮ ಉದಾಹರಣೆಯಲ್ಲಿ ಈ ಕೆಲಸವನ್ನು ಅಣ್ಣ ಅಲ್ಲಿಂದಲೇ ಮುಗಿಸಿಕೊಂಡು ಬರುವುದು ಸುಲಭ. ಐಫೋನಿನ ಸೆಟ್ಟಿಂಗ್ಸ್‌ನಲ್ಲಿ ‘ಜನರಲ್’, ಅದರೊಳಗೆ ‘ಅಬೌಟ್’ ತೆರೆದರೆ ‘ಕ್ಯಾರಿಯರ್ ಲಾಕ್’ ಎಂಬ ಸಾಲು ಕಾಣುತ್ತದೆ. ಎದುರಿಗೆ ‘ನೋ ಸಿಮ್ ರಿಸ್ಟ್ರಿಕ್ಷನ್ಸ್’ ಎಂದಿದ್ದರೆ ಬೀಗವಿಲ್ಲ. 2022ರ ಐಫೋನ್ 14ರಿಂದ ಅಮೆರಿಕದ ಮಾದರಿಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ. ಅವುಗಳಿಗೆ ಇ-ಸಿಮ್ ಬೇಕು ಎಂಬುದನ್ನೂ ನೆನಪಿಡಬೇಕು.

ಬಳಸಿದ ಫೋನು ಕೊಳ್ಳುವವರು *#06# ಒತ್ತಿ ಐಎಂಇಐ ನೋಡಬೇಕು. ನಂತರ ಕೆವೈಎಂ ಎಂಬ ಮೂರು ಇಂಗ್ಲಿಷ್ ಅಕ್ಷರಗಳು, ಜಾಗ ಬಿಟ್ಟು ಆ ಸಂಖ್ಯೆ, ಹೀಗೆ ಬರೆದು 14422ಕ್ಕೆ ಸಂದೇಶ ಕಳಿಸಿದರೆ ಫೋನಿನ ಸ್ಥಿತಿ ತಿಳಿಯುತ್ತದೆ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ತರಗತಿಯಲ್ಲಿ ಮಾಡಿ ನೋಡಿ

ಐಎಂಇಐನ 15ನೆಯ ಅಂಕಿ ತಾಳೆ ನೋಡುವ ಅಂಕಿ. 490154203237518 ಎಂಬ ಮಾದರಿ ಸಂಖ್ಯೆಯನ್ನು ತೆಗೆದುಕೊಳ್ಳಿ. ಮೊದಲ 14 ಅಂಕಿಗಳಲ್ಲಿ ಎರಡನೆಯದು, ನಾಲ್ಕನೆಯದು, ಹೀಗೆ ಸಮಸ್ಥಾನದ ಅಂಕಿಗಳನ್ನು ಇಮ್ಮಡಿಸಿ. ಎರಡಂಕಿ ಬಂದರೆ ಅವೆರಡನ್ನೂ ಕೂಡಿಸಿ (18 ಬಂದರೆ 1+8=9). ಇವುಗಳ ಮೊತ್ತ 30. ಬೆಸಸ್ಥಾನದ ಅಂಕಿಗಳ ಮೊತ್ತ 22. ಒಟ್ಟು 52. ಮುಂದಿನ ಹತ್ತರ ಗುಣಕವಾದ 60ಕ್ಕೆ ಬೇಕಾದದ್ದು 8. ಅದೇ ಕೊನೆಯ ಅಂಕಿ!

ಯಾವುದೇ ಒಂದು ಅಂಕಿ ತಪ್ಪಿದರೂ ಈ ಲೆಕ್ಕ ಅದನ್ನು ಹಿಡಿಯುತ್ತದೆ. ಆದರೆ ಲೆಕ್ಕ ಸರಿಬಂದ ಮಾತ್ರಕ್ಕೆ ಫೋನು ಅಸಲಿಯೆಂದು ಅರ್ಥವಲ್ಲ. ಸೂತ್ರ ಬಲ್ಲ ಮೋಸಗಾರನೂ ಸರಿಹೊಂದುವ ಸಂಖ್ಯೆ ಬರೆಯಬಲ್ಲ. 14422ಕ್ಕೆ ಕಳಿಸುವ ಸಂದೇಶ ಬೇಕಾಗುವುದು ಅದಕ್ಕೇ. ವಿದ್ಯಾರ್ಥಿಗಳು ತಮ್ಮ ಮನೆಯ ಫೋನಿನ ಸಂಖ್ಯೆಯನ್ನು ಈ ರೀತಿ ತಾಳೆ ನೋಡಲಿ, ಆದರೆ ಅದನ್ನು ಯಾರಿಗೂ ಹೇಳದಿರಲಿ.