ಶ್ರೀರಂಗಪಟ್ಟಣದ ಸೆರೆಯಾಳು ಕರ್ನಲ್ ಬೈಲಿ

ಸೆರೆಯಲ್ಲೇ ಸತ್ತ ಯುದ್ಧಕೈದಿಗೆ ಸ್ಮಾರಕ ಸಿಗಲು ಎಷ್ಟು ವರ್ಷ ಬೇಕು?
ಕರ್ನಲ್ ವಿಲಿಯಂ ಬೈಲಿಗೆ ಹಿಡಿದದ್ದು 34 ವರ್ಷ.

1780ರ ಸೆಪ್ಟೆಂಬರ್ 10.
ಕಾಂಚೀಪುರದ ಹತ್ತಿರ ಪೊಳ್ಳಿಲೂರು ಕದನ.
ಗೆದ್ದವರು ಹೈದರ್, ಟಿಪ್ಪು.
ಸೆರೆಸಿಕ್ಕವನು ಈಸ್ಟ್ ಇಂಡಿಯಾ ಕಂಪನಿಯ ಬೈಲಿ.

ಶ್ರೀರಂಗಪಟ್ಟಣದ ಕೋಟೆಯಲ್ಲಿ ಅವನ ಹೆಸರಿನ ಬಂದೀಖಾನೆ ಇವತ್ತಿಗೂ ಇದೆ.
ತಗ್ಗಿನಲ್ಲಿ ಕಟ್ಟಿದ್ದು. ಕಮಾನಿನ ಚಾವಣಿ.
ಕೊಟ್ಟಿಗೆಯ ಗೂಟಗಳ ಹಾಗೆ
ಗೋಡೆಯಿಂದ ಚಾಚಿದ ಕಲ್ಲುಗಳು.
ಸರಪಳಿ ಬಿಗಿಯಲು ಅವುಗಳಲ್ಲಿ ತೂತು.

1782ರ ನವೆಂಬರ್ 13ರಂದು
ಬೈಲಿ ಸೆರೆಯಲ್ಲೇ ತೀರಿಕೊಂಡ.
ತಿಂಗಳೊಳಗೆ, ಡಿಸೆಂಬರ್ 7ಕ್ಕೆ,
ಸೆರೆಹಿಡಿದ ಹೈದರನೂ ಹೋದ!

ಯುದ್ಧ ಮುಗಿಸಿದ 1784ರ ಮಂಗಳೂರು ಒಪ್ಪಂದದ ನಂತರ
ಬದುಕುಳಿದ ಅನೇಕ ಕೈದಿಗಳಿಗೆ ಬಿಡುಗಡೆ ಆಯಿತು.

ಬೈಲಿಗೆ ಸ್ಮಾರಕ ಎದ್ದದ್ದು 1816ರಲ್ಲಿ.
ಕಟ್ಟಿಸಿದವನು ಲಖನೌದಲ್ಲಿ ಬ್ರಿಟಿಷ್ ರೆಸಿಡೆಂಟನಾಗಿದ್ದ
ಬಂಧು ಜಾನ್ ಬೈಲಿ.
ಅದು ಇರುವುದು ಗಂಜಾಂನಲ್ಲಿ,
ಹೈದರ್, ಟಿಪ್ಪು ಸಮಾಧಿಗಳಿರುವ ಗುಂಬಜ್ ಹತ್ತಿರವೇ.