ಮದುವೆ ಮನೆಯಿಂದ ಬೀದಿಗೆ ಬಂದ ದಾಲ್‌ಪುರಿ

ಮಾರಿಷಸ್‌ಗೆ ಮಧುಚಂದ್ರಕ್ಕೋ ಮಕ್ಕಳ ರಜೆಗೋ ಹೋಗುವ ನಮ್ಮವರು ಸಾಮಾನ್ಯವಾಗಿ ಇಳಿದುಕೊಳ್ಳುವುದು ಕಡಲಂಚಿನ ರೆಸಾರ್ಟುಗಳಲ್ಲಿ. ಅಲ್ಲಿನ ಊಟದ ಬಿಲ್ಲು ನೋಡಿದವರಿಗೆ, ಈ ದ್ವೀಪದಲ್ಲಿ ಹೊಟ್ಟೆ ತುಂಬಿಸಿಕೊಳ್ಳುವುದೇ ದುಬಾರಿ ಎನಿಸಿಬಿಡುತ್ತದೆ. ಆದರೆ ಇದೇ ದ್ವೀಪದ ಬಸ್ ಕಂಡಕ್ಟರ್, ಶಾಲೆಯ ಮೇಷ್ಟ್ರು, ಬ್ಯಾಂಕ್ ನೌಕರರು ದಿನವೂ ಏನು ತಿನ್ನುತ್ತಾರೆ? ಪೋರ್ಟ್ ಲೂಯಿಯ ಸೆಂಟ್ರಲ್ ಮಾರ್ಕೆಟ್ಟಿಗೋ ರೋಸ್ ಹಿಲ್ ಪೇಟೆಗೋ ಬೆಳಿಗ್ಗೆ ಹೋದರೆ ಉತ್ತರ ಸಿಗುತ್ತದೆ. ಗಾಜಿನ ಪೆಟ್ಟಿಗೆ ಕಟ್ಟಿದ ಮೊಪೆಡ್‌ಗಳ ಮುಂದೆ, ಕೈಯಗಲದ ಅಂಗಡಿಗಳ ಮುಂದೆ ಜನ ಸಾಲುಗಟ್ಟಿ ನಿಂತಿರುತ್ತಾರೆ. ಅವರು ಕಾಯುತ್ತಿರುವುದು ದಾಲ್‌ಪುರಿಗೆ.

ಹೆಸರಿನಲ್ಲಿ ಪುರಿ ಇದ್ದರೂ ಇದು ಎಣ್ಣೆಯಲ್ಲಿ ಕರಿದದ್ದಲ್ಲ. ನಮ್ಮ ಬೇಳೆ ಹೋಳಿಗೆಯಿಂದ ಬೆಲ್ಲ ತೆಗೆದು, ಕೈಯಲ್ಲಿ ಹಿಡಿದರೆ ಜೋತು ಬೀಳುವಷ್ಟು ತೆಳ್ಳಗೆ ಲಟ್ಟಿಸಿದರೆ ಹೇಗಿರುತ್ತದೋ ಹಾಗೆ. ಬೇಳೆಯನ್ನು ಅರಿಸಿನ ಹಾಕಿ ಬೇಯಿಸುತ್ತಾರೆ. ಬೆರಳಲ್ಲಿ ಒತ್ತಿದರೆ ನುರಿಯಬೇಕು, ಮುದ್ದೆಯಾಗಬಾರದು. ನೀರು ಬಸಿದು, ಹುರಿದ ಜೀರಿಗೆ ಸೇರಿಸಿ ಪುಡಿಯಾಗುವಂತೆ ಬೀಸುತ್ತಾರೆ. ಬಸಿದ ಕಟ್ಟಿನಲ್ಲಿ ನಾವು ಸಾರು ಮಾಡಿದರೆ ಅವರು ಅದರಲ್ಲೇ ಮೈದಾ ನಾದುತ್ತಾರೆ. ಕಣಕಕ್ಕೆ ಎಳೆಹಳದಿ ಬಣ್ಣ ಬರುವುದೂ ಹಾಗೆಯೇ. ಹೂರಣ ತುಂಬಿ ಲಟ್ಟಿಸಿ, ಎಣ್ಣೆ ಸವರಿದ ಕಾವಲಿಯ ಮೇಲೆ ಉಬ್ಬುವವರೆಗೆ ಬೇಯಿಸಿ, ಬಟ್ಟೆ ಮುಚ್ಚಿ ಒಂದರ ಮೇಲೊಂದು ಪೇರಿಸಿಡುತ್ತಾರೆ. ಕೊಡುವುದು ಜೊತೆಯ ಲೆಕ್ಕದಲ್ಲಿ. ಎರಡನ್ನು ಒಟ್ಟಿಗೆ ಹರಡಿ, ಒಂದು ಸೌಟು ಡಬಲ್ ಬೀನ್ಸ್ ಗೊಜ್ಜು, ಟೊಮೆಟೊದ ರುಗಾಯ್, ಕೊತ್ತಂಬರಿ ಚಟ್ನಿ, ಕೇಳಿದಷ್ಟು ಮೆಣಸಿನಕಾಯಿ ಸವರಿ, ಸುತ್ತಿ, ಕಾಗದದಲ್ಲಿಟ್ಟು ಕೈಗೆ ಕೊಡುವುದು ಅರೆ ನಿಮಿಷದ ಕೆಲಸ.

ಈ ತಿಂಡಿ ದ್ವೀಪಕ್ಕೆ ಬಂದದ್ದು ಹಡಗಿನಲ್ಲಿ, ಕೂಲಿಗಳ ನೆನಪಿನ ಜೊತೆಗೆ. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಗುಲಾಮಗಿರಿ ರದ್ದುಮಾಡುವ ಕಾನೂನು 1833ರಲ್ಲಿ ಆದಾಗ, ಮಾರಿಷಸ್‌ನ ಕಬ್ಬಿನ ಮಾಲೀಕರು ಆಳುಗಳಿಗಾಗಿ ಭಾರತದತ್ತ ತಿರುಗಿದರು. 1834ರ ನವೆಂಬರ್ 2ರಂದು ‘ಅಟ್ಲಾಸ್’ ಹಡಗು ಕಲ್ಕತ್ತೆಯಿಂದ 36 ಮಂದಿಯನ್ನು ಕರೆತಂದಿತು. ಐದು ವರ್ಷದ ಕರಾರು, ತಿಂಗಳಿಗೆ ಐದು ರೂಪಾಯಿ ಕೂಲಿ. ಮುಂದಿನ ಮುಕ್ಕಾಲು ಶತಮಾನದಲ್ಲಿ ಹೀಗೆ ಬಂದವರು ನಾಲ್ಕೂವರೆ ಲಕ್ಷಕ್ಕೂ ಹೆಚ್ಚು. ಬಹುಪಾಲು ಭೋಜಪುರಿ ಮಾತನಾಡುವ ಬಿಹಾರ, ಪೂರ್ವ ಉತ್ತರ ಪ್ರದೇಶದ ಸೀಮೆಯವರು. ಮದರಾಸು, ಬೊಂಬಾಯಿ ಬಂದರುಗಳಿಂದ ಹೊರಟವರೂ ಇದ್ದರು. ಇದೇ ಕರಾರಿನ ಕೂಲಿಗಳು 1845ರಿಂದ ಟ್ರಿನಿಡಾಡ್‌ಗೂ ಹೋದರು. ಭೂಮಿಯ ಆ ತುದಿಯಲ್ಲೂ ಬೇಳೆ ತುಂಬಿದ ರೊಟ್ಟಿ ಇಂದಿಗೂ ಮನೆಮಾತಾಗಿರುವುದು ಅದರಿಂದಲೇ.

ಕಬ್ಬಿನ ಎಸ್ಟೇಟುಗಳಲ್ಲಿ ಕೂಲಿಗಳಿಗೆ ಅಳೆದುಕೊಡುತ್ತಿದ್ದ ಪಡಿಯಲ್ಲಿ ಮುಖ್ಯವಾದವು ಅಕ್ಕಿ, ಬೇಳೆ, ಉಪ್ಪು. ದಿನದ ಊಟ ಅಷ್ಟರಲ್ಲೇ ಮುಗಿಯಬೇಕಿತ್ತು. ಬೇಳೆ ಬೇಯಿಸಿ, ಕಲ್ಲಿನ ಮೇಲೆ ಅರೆದು, ಹಿಟ್ಟು ನಾದಿ, ಒಂದೊಂದನ್ನೇ ಲಟ್ಟಿಸುವ ಪುರುಸೊತ್ತು ಹೊಲದಲ್ಲಿ ದುಡಿಯುವ ಹೆಂಗಸರಿಗೆ ಎಲ್ಲಿಂದ ಬರಬೇಕು? ದಾಲ್‌ಪುರಿ ಹಬ್ಬಕ್ಕೆ, ಮದುವೆಗೆ ಮೀಸಲಾದದ್ದು ಸಹಜ. ಮಾರಿಷಸ್‌ನ ಹಿಂದೂ ಮದುವೆಗಳಲ್ಲಿ ಇವತ್ತಿಗೂ ಬಾಳೆಲೆಯ ಮೇಲೆ ಏಳು ಬಗೆಯ ಪಲ್ಯದೊಂದಿಗೆ ಅದಕ್ಕೆ ಜಾಗವಿದೆ.

ಹಬ್ಬದ ಅಡುಗೆ ಬೀದಿಗೆ ಇಳಿಯಲು ಕಾಲ ಕೂಡಿಬರಬೇಕಿತ್ತು. 19ನೇ ಶತಮಾನದ ಕೊನೆಯ ದಶಕಗಳಲ್ಲಿ ಎಸ್ಟೇಟುಗಳು ತುಂಡು ಭೂಮಿ ಮಾರಲು ತೊಡಗಿದಾಗ, ಕರಾರು ಮುಗಿಸಿದ ಕೂಲಿಗಳು ಅದನ್ನು ಕೊಂಡು ಹಳ್ಳಿ ಕಟ್ಟಿದರು, ತರಕಾರಿ ಬೆಳೆದರು, ಪೇಟೆಗೆ ಬಂದು ಮಾರಿದರು. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ ಬರ್ಮಾ ಜಪಾನೀಯರ ವಶವಾದಾಗ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅನ್ನವನ್ನೇ ನಂಬಿದ್ದ ದ್ವೀಪ ಗೋಧಿ ಹಿಟ್ಟು, ಮೆಕ್ಕೆಜೋಳ, ಮರಗೆಣಸಿಗೆ ಒಗ್ಗಿಕೊಳ್ಳಬೇಕಾಯಿತು. 1968ರಲ್ಲಿ ಸ್ವಾತಂತ್ರ್ಯ ಬಂತು. 1970ರಲ್ಲಿ ರಫ್ತು ಕೈಗಾರಿಕೆಗಳಿಗಾಗಿ ಹೊಸ ಕಾನೂನು ಬಂದು, ಸಾವಿರಾರು ಹೆಣ್ಣುಮಕ್ಕಳು ಗಾರ್ಮೆಂಟ್ಸ್ ಕೆಲಸಕ್ಕೆ ಹೊರಟರು. ತಟ್ಟೆ, ಚಮಚದ ಹಂಗಿಲ್ಲದೆ ನಿಂತಲ್ಲೇ ತಿಂದು ಮುಗಿಸಬಹುದಾದ ಊಟ ದುಡಿಯುವವರಿಗೆ ಬೇಕಿತ್ತು. ಹಿಟ್ಟಿಗೆ ಸರ್ಕಾರ ಸಬ್ಸಿಡಿ ಕೊಡುತ್ತಾ ಬಂದದ್ದರಿಂದ ಬೆಲೆಯೂ ಕೈಗೆಟುಕುವಂತೆ ಉಳಿಯಿತು.

ಬೀದಿಗೆ ಬಂದ ಮೇಲೆ ದಾಲ್‌ಪುರಿ ಒಂದು ಸಮುದಾಯದ ಸೊತ್ತಾಗಿ ಉಳಿಯಲಿಲ್ಲ. ಅದರೊಳಗಿನ ರುಗಾಯ್ ಆಫ್ರಿಕ ಮೂಲದ ಕ್ರಿಯೋಲರ ಅಡುಗೆಮನೆಯದು. ಆಫ್ರಿಕದ, ಚೀನಾದ, ಫ್ರಾನ್ಸಿನ ಮೂಲದವರೆಲ್ಲ ಒಂದೇ ಸಾಲಿನಲ್ಲಿ ನಿಂತು ದಾಲ್‌ಪುರಿ ಕೊಳ್ಳುತ್ತಾರೆ. ಅದೇ ಬೀದಿಯಲ್ಲಿ ಚೀನೀಯರು ತಂದ ನೂಡಲ್ಸ್, ಬೇಳೆ ವಡೆಯ ತಮ್ಮನಂತಿರುವ ಗಾತೋ ಪಿಮಾ, ಕಾಮಕಸ್ತೂರಿ ಬೀಜ ಹಾಕಿದ ತಣ್ಣನೆಯ ಹಾಲಿನ ಅಲೂದಾ ಕೂಡ ಸಿಗುತ್ತವೆ. ಬೇರೆ ಬೇರೆ ಕಡಲು ದಾಟಿ, ಬಹುಪಾಲು ಬಲವಂತಕ್ಕೋ ಬಡತನಕ್ಕೋ ಬಂದು ಸೇರಿದ ಜನ ಒಬ್ಬರ ರುಚಿಯನ್ನು ಇನ್ನೊಬ್ಬರು ತಮ್ಮದೆಂದು ಒಪ್ಪಿಕೊಂಡದ್ದು ಸಣ್ಣ ಮಾತಲ್ಲ. ಆ ದೇಶದ ಒಗ್ಗಟ್ಟನ್ನು ನಾನು ಎಲ್ಲಕ್ಕಿಂತ ಹೆಚ್ಚಾಗಿ ನಂಬುವುದು ಈ ಸಾಲನ್ನು ನೋಡಿಯೇ.

ಹಾಗಾಗಿ ಹೋಗುವವರಿಗೆ ಕೆಲವು ಮಾತು. ದಾಲ್‌ಪುರಿ ಬೆಳಗಿನಿಂದ ಮಧ್ಯಾಹ್ನದವರೆಗಿನ ತಿಂಡಿ, ತಡಮಾಡಿದರೆ ಒಳ್ಳೆಯ ಅಂಗಡಿಗಳಲ್ಲಿ ಖಾಲಿಯಾಗಿರುತ್ತದೆ. ಸ್ಥಳೀಯರ ಸಾಲು ಉದ್ದವಿರುವ ಕಡೆ ನಿಲ್ಲಿ. ಸೋಮವಾರ ಮಾಹೇಬೂರ್, ಭಾನುವಾರ ಫ್ಲಾಕ್ ಸಂತೆಗೆ ಹೋಗಿ. ಸಸ್ಯಾಹಾರಿಗಳಿಗೆ ಇಷ್ಟು ಸಲೀಸಾದ ಬೀದಿ ತಿಂಡಿ ಹೊರದೇಶದಲ್ಲಿ ಸಿಗುವುದು ಅಪರೂಪ. ಮೆಣಸಿನಕಾಯಿ ಮಾತ್ರ ಮೊದಲು ಸ್ವಲ್ಪವೇ ಹಾಕಿಸಿಕೊಳ್ಳಿ. ವಾರಾಂತ್ಯದಲ್ಲಿ ಮೋಂ ಷ್ವಾಸಿಯಂಥ ಸಾರ್ವಜನಿಕ ಬೀಚುಗಳಲ್ಲಿ, ಗಾಳಿಮರದ ನೆರಳಲ್ಲಿ ಅಲ್ಲಿನ ಕುಟುಂಬಗಳು ಬುತ್ತಿ ಬಿಚ್ಚಿ ಕೂರುತ್ತವೆ. ತಿಂಡಿ ಕಟ್ಟಿಸಿಕೊಂಡು ನೀವೂ ಅಲ್ಲಿ ಕೂರಬಹುದು.

ಪೋರ್ಟ್ ಲೂಯಿಯಲ್ಲಿ ಒಂದು ಬೆಳಗು ಕಳೆಯುವುದಾದರೆ ಮೊದಲು ‘ಅಪ್ರವಾಸಿ ಘಾಟ್’ ನೋಡಿ. 1849ರಲ್ಲಿ ಕಟ್ಟಲು ಶುರುವಾದ ಈ ವಲಸೆ ಡಿಪೊ 2006ರಿಂದ ವಿಶ್ವ ಪರಂಪರೆಯ ತಾಣ. ಕೂಲಿಗಳು ಹತ್ತಿ ಬಂದ 16 ಕಲ್ಲಿನ ಮೆಟ್ಟಿಲು ಇನ್ನೂ ಇವೆ. ಅಲ್ಲಿಂದ ಸೆಂಟ್ರಲ್ ಮಾರ್ಕೆಟ್ಟಿಗೆ ಕೆಲವೇ ನಿಮಿಷದ ನಡಿಗೆ. ಇದೇ ಕ್ರಮದಲ್ಲಿ ಹೋಗಿ, ಆಮೇಲೆ ಒಂದು ಜೊತೆ ದಾಲ್‌ಪುರಿ ಕೊಳ್ಳಿ. ನೀವು ಕೊಟ್ಟ ದುಡ್ಡು ಆ ಕೂಲಿಗಳ ದುಡಿಮೆಯ ವಾರಸುದಾರರ ಮನೆಗೇ ಹೋಗುತ್ತದೆ.